ಡಿಸ್‌ಮಿಸ್ ಎಂದಿರುವಲ್ಲಿ ಡಿಸ್ಚಾರ್ಜ್ ಎಂದು ಬರೆಸಿಕೊಳ್ಳುವುದು ಹೇಗೆ? ಮಾಜಿ ಸೈನಿಕರಿಗೂ ಮನೆಯವರಿಗೂ ಸಮಗ್ರ ಮಾರ್ಗದರ್ಶಿ

ಊರಲ್ಲಿ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಆದರೆ ಎಲ್ಲರಿಗೂ ಗೊತ್ತಿರುತ್ತದೆ. ಹದಿಮೂರು ವರ್ಷ ಫೌಜಿನಲ್ಲಿದ್ದವನು ಒಂದು ದಿನ ಕಪ್ಪು ಟ್ರಂಕು ಹೊತ್ತು ಬಸ್ಸಿಳಿದ. ಪೆನ್ಷನ್ ಇಲ್ಲ, ಕ್ಯಾಂಟೀನ್ ಕಾರ್ಡ್ ಇಲ್ಲ. ಆಗಸ್ಟ್ ಹದಿನೈದಕ್ಕೆ ಶಾಲೆಯವರು ಮಾಜಿ ಸೈನಿಕರಿಗೆ ಶಾಲು ಹೊದಿಸುತ್ತೇವೆ ಬನ್ನಿ ಎಂದರೆ, ಅವತ್ತು ಬೆಳಿಗ್ಗೆಯೇ ಹೊಲದ ಕಡೆ ಹೋಗಿಬಿಡುತ್ತಾನೆ.

ನಾನು ಯೂನಿಟ್ ಆಫೀಸಿನಲ್ಲಿ ಕ್ಲರ್ಕ್ ಆಗಿದ್ದವನು. ಇಂಥವರನ್ನು ಮನೆಗೆ ಕಳಿಸುವ ಕಾಗದಗಳನ್ನು ಟೈಪ್ ಮಾಡಿದ ಕೈ ಇದು. ನಿವೃತ್ತಿಯಾದ ಮೇಲೆ ಅದೇ ಕಾಗದಗಳನ್ನು ಎದುರು ಬದಿಯಲ್ಲಿ ಕೂತು ಓದುತ್ತಿದ್ದೇನೆ. ವಕೀಲನಲ್ಲ. ಆದರೆ ಯಾವ ಕಾಗದ ಇರಬೇಕಿತ್ತು, ಯಾವುದನ್ನು ಬರೆಯದೆ ಮುಂದೆ ಹೋದರು ಎಂಬುದು ಕ್ಲರ್ಕಿಗೆ ತಿಳಿಯುವಷ್ಟು ಸಾಹೇಬರಿಗೂ ತಿಳಿಯುವುದಿಲ್ಲ.

ಅಮೆರಿಕದಲ್ಲಿ ಇದಕ್ಕೆಂದೇ ಒಂದು ವ್ಯವಸ್ಥೆಯಿದೆ. ಡಿಡಿ 293 ಎಂಬ ನಮೂನೆ ತುಂಬಿ, ಬಿಡುಗಡೆಯಾದ 15 ವರ್ಷದೊಳಗೆ ಡಿಸ್ಚಾರ್ಜ್ ರಿವ್ಯೂ ಬೋರ್ಡಿಗೆ ಕಳಿಸಿ ‘ನನ್ನ ಡಿಸ್ಚಾರ್ಜನ್ನು ಮೇಲ್ದರ್ಜೆಗೆ ಏರಿಸಿ’ ಎಂದು ಕೇಳಬಹುದು. ನಮ್ಮಲ್ಲಿ ಅಂಥ ನಮೂನೆಯೂ ಇಲ್ಲ, ಬೋರ್ಡೂ ಇಲ್ಲ. ಆದರೆ ದಾರಿ ಇದೆ. ಸೇನೆಯೊಳಗೆ ಮನವಿ, ಅದು ಫಲಿಸದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. 2007ರ ಕಾಯ್ದೆಯಿಂದ ಹುಟ್ಟಿ 2009ರಲ್ಲಿ ಕೆಲಸ ಆರಂಭಿಸಿದ ಈ ಮಂಡಳಿಯನ್ನು ಫೌಜಿಗಳು ಎಎಫ್‌ಟಿ ಎಂದೇ ಕರೆಯುತ್ತಾರೆ.

ಇಲ್ಲಿ ಬರೆದಿರುವುದು ಭೂಸೇನೆಯ ಜವಾನರು ಮತ್ತು ಎನ್‌ಸಿಒಗಳ (ನಾಯಕ್, ಹವಾಲ್ದಾರರಂಥವರ) ವಿಷಯ. ನೌಕಾಪಡೆ, ವಾಯುಪಡೆಗಳಿಗೆ ಬೇರೆ ಕಾಯ್ದೆಗಳಿವೆ, ಕಲಂ ಸಂಖ್ಯೆಗಳು ಬದಲಾಗುತ್ತವೆ. ಹೋಗುವ ದಾರಿ ಬಹುಪಾಲು ಇದೇ.

ಮೊದಲು, ನಿಮ್ಮ ಕಾಗದದಲ್ಲಿ ಯಾವ ಪದವಿದೆ ನೋಡಿ

ಮನೆಯಲ್ಲಿ ಎಲ್ಲರೂ ‘ಡಿಸ್ಚಾರ್ಜ್ ಆಗಿ ಬಂದ’ ಎಂದೇ ಹೇಳುತ್ತಾರೆ. ಕಾಗದ ಹಾಗೆ ಹೇಳಬೇಕೆಂದಿಲ್ಲ. ಡಿಸ್ಚಾರ್ಜ್ ಬುಕ್ ಅಥವಾ ಸರ್ವಿಸ್ ಸರ್ಟಿಫಿಕೇಟ್ ತೆರೆದು, ಸೇವೆ ಮುಗಿದ ಕಾರಣ ಬರೆದಿರುವ ಸಾಲನ್ನು ಹುಡುಕಿ. ಅಲ್ಲಿ ‘ಡಿಸ್‌ಮಿಸ್ಡ್’ ಎಂದಿದೆಯೋ ‘ಡಿಸ್ಚಾರ್ಜ್ಡ್’ ಎಂದಿದೆಯೋ, ಯಾವ ಕಲಂ, ಯಾವ ನಿಯಮ ಎಂದು ನಮೂದಾಗಿದೆಯೋ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮುಂದಿನ ಎಲ್ಲ ಹೆಜ್ಜೆಗಳೂ ಆ ಚೀಟಿಯನ್ನು ಅವಲಂಬಿಸಿವೆ.

ಎರಡು ಪದಗಳ ನಡುವೆ ಆಕಾಶ ಭೂಮಿಯಷ್ಟು ಅಂತರ ಇರುವುದು ಪೆನ್ಷನ್ ನಿಯಮದಲ್ಲಿ. 1961ರ ಪೆನ್ಷನ್ ನಿಯಮಾವಳಿಯ 113ನೇ ನಿಯಮವೂ ಅದರ ಜಾಗಕ್ಕೆ ಬಂದ 2008ರ ನಿಯಮಾವಳಿಯ 41ನೇ ನಿಯಮವೂ ಹೇಳುವುದು ಒಂದೇ. ಡಿಸ್‌ಮಿಸ್ ಆದವನಿಗೆ ಅದುವರೆಗಿನ ಇಡೀ ಸೇವೆಗೆ ಪೆನ್ಷನ್ನೂ ಇಲ್ಲ, ಗ್ರಾಚ್ಯುಟಿಯೂ ಇಲ್ಲ. ಇಪ್ಪತ್ತು ವರ್ಷ ಸಿಯಾಚಿನ್‌ನಲ್ಲೇ ಕಳೆದಿದ್ದರೂ ಅಷ್ಟೇ. ಡಿಸ್ಚಾರ್ಜ್ ಆದವನ ಹಕ್ಕು ಮಾತ್ರ ಉಳಿಯುತ್ತದೆ. ಅರ್ಹ ಸೇವೆಯ 15 ವರ್ಷ ತುಂಬಿದ್ದರೆ ಅವನಿಗೆ ಪೆನ್ಷನ್ ಸಿಗಬೇಕು. ಅದೇ ನಿಯಮದಲ್ಲಿ ಒಂದು ಸಣ್ಣ ಕಿಂಡಿಯೂ ಇದೆ. ಅಸಾಧಾರಣ ಸಂದರ್ಭದಲ್ಲಿ, ಮೇಲ್ಮನವಿ ಬಂದರೆ, ಡಿಸ್‌ಮಿಸ್ ಆದವನಿಗೂ ಮಾಮೂಲಿ ಡಿಸ್ಚಾರ್ಜ್ ಆಗಿದ್ದರೆ ಸಿಗುತ್ತಿದ್ದ ಮೊತ್ತ ಮೀರದಂತೆ ಪೆನ್ಷನ್ ಕೊಡುವ ಅಧಿಕಾರ ಸಂಬಂಧಪಟ್ಟ ಪ್ರಾಧಿಕಾರಕ್ಕಿದೆ. ಈ ಕಿಂಡಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನನ್ನ ಬಳಿ ಬರುವ ಕಾಗದಗಳಲ್ಲಿ ಹೆಚ್ಚಿನವು ಮೂರು ಬಗೆಯವು.

ಮೊದಲನೆಯದು, 1954ರ ಸೇನಾ ನಿಯಮಗಳ 13ನೇ ನಿಯಮದ ಕೋಷ್ಟಕದಲ್ಲಿ ‘ಉಳಿದ ಎಲ್ಲ ವರ್ಗಗಳು’ ಎಂಬ ಸಾಲಿನಡಿ ಡಿಸ್ಚಾರ್ಜ್. ಕಾಗದದಲ್ಲಿ 13(3) III (v) ಎಂದಿರುತ್ತದೆ. ಸಾಮಾನ್ಯವಾಗಿ ನಾಲ್ಕು ರೆಡ್ ಇಂಕ್ (ಕಾಂಡಕ್ಟ್ ಶೀಟ್ ಎಂಬ ನಡತೆಯ ಹಾಳೆಯಲ್ಲಿ ಕೆಂಪು ಶಾಯಿಯಲ್ಲಿ ನಮೂದಾಗುವ ದೊಡ್ಡ ಶಿಕ್ಷೆ) ಬಿದ್ದವರನ್ನು ‘ಸರ್ವಿಸಸ್ ನೋ ಲಾಂಗರ್ ರಿಕ್ವಯರ್ಡ್’, ಅಂದರೆ ಸೇವೆ ಇನ್ನು ಬೇಕಿಲ್ಲ, ಎಂದು ಕಳಿಸುವುದು ಇದರಡಿಯಲ್ಲೇ. ಪದ ಡಿಸ್ಚಾರ್ಜ್ ಎಂದೇ ಇದ್ದರೂ 15 ವರ್ಷ ತುಂಬುವ ಮೊದಲೇ ಕಳಿಸಿರುವುದರಿಂದ ಕೈ ಖಾಲಿ.

ಎರಡನೆಯದು ಸಮರಿ ಕೋರ್ಟ್ ಮಾರ್ಷಲ್‌ನಲ್ಲಿ, ಅಂದರೆ ಯೂನಿಟ್ಟಿನೊಳಗೇ ನಡೆಯುವ ಸಂಕ್ಷಿಪ್ತ ಸೇನಾ ವಿಚಾರಣೆಯಲ್ಲಿ, ಕೊಟ್ಟ ಡಿಸ್‌ಮಿಸಲ್. ರಜೆ ಮುಗಿದ ಮೇಲೂ ಬಾರದಿರುವುದು, ಫೌಜಿನ ಭಾಷೆಯಲ್ಲಿ ಓಎಸ್‌ಎಲ್, ಇದಕ್ಕೆ ಮಾಮೂಲಿ ಕಾರಣ.

ಮೂರನೆಯದು, ವಿಚಾರಣೆಯೇ ಇಲ್ಲದೆ ಸೇನಾ ಕಾಯ್ದೆಯ 20ನೇ ಕಲಂ ಅಡಿ ಆಡಳಿತಾತ್ಮಕ ಡಿಸ್‌ಮಿಸಲ್. ಡೆಸರ್ಟರ್ (ಫೌಜು ಬಿಟ್ಟು ಓಡಿಹೋದವನು) ಎಂದು ಘೋಷಿತನಾಗಿ, ವರ್ಷಗಟ್ಟಲೆ ಸಿಗದವರ ಹೆಸರನ್ನು ಕೊನೆಗೆ ಹೊಡೆದುಹಾಕುವುದು ಹೀಗೆ.

ಕಾಯಿಲೆ ಬಿದ್ದು ಮೆಡಿಕಲ್ ಬೋರ್ಡ್ ಮೂಲಕ ಬಂದವರದು ಬೇರೆಯೇ ಕಥೆ, ಅದು ಡಿಸೆಬಿಲಿಟಿ ಪೆನ್ಷನ್ನಿನ ದಾರಿ. ಅವರು ಈ ಲೇಖನದ ದಾಖಲೆ ಸಂಗ್ರಹದ ಭಾಗವನ್ನು ಮಾತ್ರ ಓದಿದರೆ ಸಾಕು.

ವಕೀಲರ ಮನೆಗೆ ಹೋಗುವ ಮುಂಚೆ ದಾಖಲೆ ತರಿಸಿ

ಹೆಚ್ಚಿನವರು ಉಲ್ಟಾ ಮಾಡುತ್ತಾರೆ. ಸಾಲ ಮಾಡಿ ವಕೀಲರಿಗೆ ಹಣ ಕೊಟ್ಟ ಮೇಲೆ ಅವರು ‘ನಿಮ್ಮ ಕಾಂಡಕ್ಟ್ ಶೀಟ್ ಕೊಡಿ’ ಎನ್ನುತ್ತಾರೆ. ಅದು ಮನೆಯಲ್ಲಿ ಎಲ್ಲಿಂದ ಬರಬೇಕು? ಅದಿರುವುದು ನಿಮ್ಮ ರೆಜಿಮೆಂಟಿನ ರೆಕಾರ್ಡ್ ಆಫೀಸಿನಲ್ಲಿ. ಮರಾಠಾ ಲೈಟ್ ಇನ್‌ಫೆಂಟ್ರಿಯವರಿಗೆ ಬೆಳಗಾವಿ, ಮದ್ರಾಸ್ ಸ್ಯಾಪರ್ಸ್‌ಗೆ ಬೆಂಗಳೂರು, ಮದ್ರಾಸ್ ರೆಜಿಮೆಂಟಿಗೆ ವೆಲ್ಲಿಂಗ್‌ಟನ್, ಆರ್ಟಿಲರಿಗೆ ನಾಸಿಕ್ ರೋಡ್, ಸಿಗ್ನಲ್ಸ್‌ಗೆ ಜಬಲ್‌ಪುರ, ಇಎಂಇಗೆ ಸಿಕಂದರಾಬಾದ್. ಯೂನಿಟ್ ಎಲ್ಲೇ ಇದ್ದಿರಲಿ, ಮನೆಗೆ ಬಂದ ಮೇಲೆ ನಿಮ್ಮ ಕಾಗದಕ್ಕೆ ಒಡೆಯ ರೆಕಾರ್ಡ್ ಆಫೀಸು.

ಆರ್‌ಟಿಐ ಹಾಕಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ಬಿಪಿಎಲ್ ಕಾರ್ಡ್ ಇದ್ದರೆ ಅದೂ ಬೇಡ. ಕೇಂದ್ರ ಸರ್ಕಾರದ ಆರ್‌ಟಿಐ ಆನ್‌ಲೈನ್ ಪೋರ್ಟಲ್‌ನಲ್ಲಿ ಸೇನೆಯನ್ನು ಆರಿಸಿಯೂ ಹಾಕಬಹುದು. ಉತ್ತರಕ್ಕೆ 30 ದಿನ ಗಡುವು. ಬಾರದಿದ್ದರೆ ಅಥವಾ ಅರ್ಧಂಬರ್ಧ ಬಂದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಕೇಂದ್ರ ಮಾಹಿತಿ ಆಯೋಗ.

ಅರ್ಜಿಯಲ್ಲಿ ‘ನನ್ನ ಎಲ್ಲ ದಾಖಲೆ ಕೊಡಿ’ ಎಂದು ಬರೆಯಬೇಡಿ. ಅಂಥ ಅರ್ಜಿ ಕಂಡರೆ ಬಾಬುಗಳಿಗೆ ಖುಷಿ, ಕೈಗೆ ಸಿಕ್ಕ ಎರಡು ಹಾಳೆ ಕಳಿಸಿ ಮುಗಿಸಿಬಿಡುತ್ತಾರೆ. ಒಂದೊಂದರ ಹೆಸರು ಹಿಡಿದು ಕೇಳಿ. ಶೀಟ್ ರೋಲ್, ಅಂದರೆ ಇಡೀ ಸೇವೆಯ ವಿವರವಿರುವ ದಾಖಲೆ. ಕಾಂಡಕ್ಟ್ ಶೀಟ್, ಅಂದರೆ ರೆಡ್ ಇಂಕ್, ಬ್ಲ್ಯಾಕ್ ಇಂಕ್ ಎಲ್ಲ ನಮೂದುಗಳೂ ದಿನಾಂಕದೊಂದಿಗೆ ಇರುವ ಹಾಳೆ. ಡಿಸ್ಚಾರ್ಜ್ ಅಥವಾ ಡಿಸ್‌ಮಿಸಲ್ ಮಂಜೂರು ಮಾಡಿದ ಆದೇಶ ಮತ್ತು ಅದಕ್ಕೆ ಸಹಿ ಹಾಕಿದ ಅಧಿಕಾರಿಯ ಹುದ್ದೆ. ಶೋ ಕಾಸ್ ನೋಟಿಸ್, ಅದಕ್ಕೆ ನೀವು ಕೊಟ್ಟ ಉತ್ತರ. ಪ್ರಾಥಮಿಕ ವಿಚಾರಣೆಯ ನಡಾವಳಿ. ಕೋರ್ಟ್ ಮಾರ್ಷಲ್ ಆಗಿದ್ದರೆ ಚಾರ್ಜ್ ಶೀಟ್, ಸಮರಿ ಆಫ್ ಎವಿಡೆನ್ಸ್ (ವಿಚಾರಣೆಗೆ ಮುಂಚೆ ಬರೆದುಕೊಂಡ ಸಾಕ್ಷಿ ಹೇಳಿಕೆಗಳು), ಪೂರ್ಣ ನಡಾವಳಿ. ಸಂಬಂಧಪಟ್ಟ ಪಾರ್ಟ್ ಟೂ ಆರ್ಡರ್‌ಗಳು, ಅಂದರೆ ರಜೆ, ಮದುವೆ, ಶಿಕ್ಷೆಯಂಥವನ್ನು ಸೇವಾ ದಾಖಲೆಗೆ ಸೇರಿಸುವ ಯೂನಿಟ್ ಆದೇಶಗಳು. ಮಿಲಿಟರಿ ಆಸ್ಪತ್ರೆಯಲ್ಲಿ ಇದ್ದಿದ್ದರೆ ಆ ದಾಖಲೆ. ಮನೋವೈದ್ಯರ ಬಳಿಗೆ ಕಳಿಸಿದ್ದರೆ ಎಎಫ್‌ಎಂಎಸ್‌ಎಫ್ 10 ಎಂಬ ನಮೂನೆಯಲ್ಲಿ ಕಮಾಂಡಿಂಗ್ ಆಫೀಸರ್ ಬರೆದ ವರದಿ.

ಅಪ್ಪನ ಅಥವಾ ಗಂಡನ ಪರವಾಗಿ ಕೇಳುವವರು ಸಂಬಂಧದ ದಾಖಲೆ, ಮರಣ ಪ್ರಮಾಣಪತ್ರ ಲಗತ್ತಿಸಿ. ಆರ್ಮಿ ನಂಬರ್ ಗೊತ್ತಿಲ್ಲದಿದ್ದರೆ ಹಳೆಯ ಮನಿಯಾರ್ಡರ್ ಚೀಟಿ, ರಜೆಯ ಕಾಗದ, ಗೋಡೆಯ ಮೇಲಿನ ಗ್ರೂಪ್ ಫೋಟೊದ ಹಿಂಬದಿ ಎಲ್ಲ ನೋಡಿ. ಒಂದು ಮನೆಯಲ್ಲಿ ನಂಬರ್ ಸಿಕ್ಕಿದ್ದು ಟ್ರಂಕಿನ ಮುಚ್ಚಳದ ಮೇಲೆ, ಬಿಳಿ ಬಣ್ಣದಲ್ಲಿ. ಅದರ ಮೇಲೆ ಹದಿನೈದು ವರ್ಷದಿಂದ ಅಕ್ಕಿ ಚೀಲ ಇಟ್ಟಿದ್ದರು.

‘ದಾಖಲೆ ನಾಶಪಡಿಸಲಾಗಿದೆ’ ಎಂಬ ಉತ್ತರ ಬಂದರೆ ಕೈಚೆಲ್ಲಬೇಡಿ. ಪೆನ್ಷನ್ ಇಲ್ಲದೆ ಹೋದವರ ಸೇವಾ ದಾಖಲೆಗಳನ್ನು 25 ವರ್ಷದ ನಂತರ ನಾಶ ಮಾಡುವ ಪದ್ಧತಿಯಿದೆ. ಆದರೆ ಲಾಂಗ್ ರೋಲ್ ಎಂಬ ದೊಡ್ಡ ರಿಜಿಸ್ಟರ್ ಉಳಿದಿರುತ್ತದೆ. ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಕಾರಣ ಒಂದು ಸಾಲಿನಲ್ಲಿ ಅದರಲ್ಲಿರುತ್ತವೆ. ಅದರ ಪ್ರತಿ ಕೇಳಿ. ಮತ್ತು ಯಾವ ದಿನ, ಯಾವ ಆದೇಶದಡಿ ನಾಶ ಮಾಡಿದಿರಿ ಎಂದೂ ಕೇಳಿ. ನೀವು ಮನವಿ ಕಳಿಸಿದ ಮೇಲೆ ನಾಶ ಮಾಡಿದ್ದರೆ, ಅದೇ ನಿಮ್ಮ ಕೈಯಲ್ಲಿರುವ ದೊಡ್ಡ ಅಸ್ತ್ರ.

ಒಂದೇ ಹಾಳೆಯ ದಿನಚರಿ

ದಾಖಲೆ ಬಂದ ಮೇಲೆ ಒಂದು ಹಾಳೆಯಲ್ಲಿ ತಾರೀಖುವಾರು ಬರೆಯಿರಿ. ಭರ್ತಿಯಾದ ದಿನ, ಪ್ರತಿ ಪೋಸ್ಟಿಂಗ್, ಯಾವುದು ಫೀಲ್ಡ್ (ಗಡಿ, ಕಾರ್ಯಾಚರಣೆಯ ಪ್ರದೇಶ), ಯಾವುದು ಪೀಸ್ (ಶಾಂತ ಠಾಣೆ). ಪ್ರತಿ ರೆಡ್ ಇಂಕ್ ಯಾವ ತಪ್ಪಿಗೆ, ಎಷ್ಟು ದಿನದ ಶಿಕ್ಷೆ. ಅದರ ಎದುರಿಗೆ ಅದೇ ಹೊತ್ತಿಗೆ ಮನೆಯಲ್ಲಿ ಏನಾಗಿತ್ತು: ಅವ್ವನ ಕಾಯಿಲೆ, ಹೆಂಡತಿಯ ಹೆರಿಗೆ, ಜಮೀನಿನ ಜಗಳ. ಕೊನೆಗೆ ಒಟ್ಟು ಸೇವೆ ಎಷ್ಟು ವರ್ಷ, ತಿಂಗಳು, ದಿನ. ಅದರಲ್ಲಿ ಅರ್ಹ ಸೇವೆಗೆ ಲೆಕ್ಕಕ್ಕೆ ಬಾರದ ಗೈರುಹಾಜರಿ ದಿನ ಎಷ್ಟು.

ಈ ಲೆಕ್ಕದಲ್ಲಿ ಕೆಲವೊಮ್ಮೆ ಪ್ರಕರಣವೇ ಸರಳವಾಗಿಬಿಡುತ್ತದೆ. ಡಿಸ್ಚಾರ್ಜ್ ಆದವನಿಗೆ 15 ವರ್ಷಕ್ಕೆ ಕೆಲವೇ ತಿಂಗಳು ಕಡಿಮೆಯಿದ್ದರೆ 12 ತಿಂಗಳವರೆಗಿನ ಕೊರತೆಯನ್ನು ಮನ್ನಾ ಮಾಡುವ ಅಧಿಕಾರವನ್ನು ರಕ್ಷಣಾ ಸಚಿವಾಲಯದ 2001ರ ಆಗಸ್ಟ್ 14ರ ಪತ್ರ ಕೊಟ್ಟಿದೆ. ಅದರ ಮೇಲೆ ಮೂರು ತಿಂಗಳು ಮೀರಿದ ತುಣುಕನ್ನು ಅರ್ಧ ವರ್ಷವೆಂದು ಎಣಿಸಬೇಕೆಂಬ ನಿಯಮವೂ ಇದೆ. 2015ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದ ಒಬ್ಬ ನಾವಿಕರ ಸೇವೆ 13 ವರ್ಷ 10 ತಿಂಗಳು 13 ದಿನ ಇತ್ತು. ತುಣುಕಿನ ಎಣಿಕೆಯಿಂದ ಅದು 14 ಆಯಿತು, ಆಮೇಲೆ ಮನ್ನಾದಿಂದ 15 ಆಯಿತು. ಆದ್ದರಿಂದ ದೊಡ್ಡ ಯುದ್ಧ ಹೂಡುವ ಮುನ್ನ ಬೆರಳು ಮಡಿಚಿ ಎಣಿಸಿ. ಸ್ವಂತ ಕೋರಿಕೆಯಿಂದ ಬಂದವರಿಗೆ ಈ ಮನ್ನಾ ಕೊಡಲು ಇಲಾಖೆ ತಕರಾರು ಮಾಡುತ್ತದೆ, ಡಿಸ್‌ಮಿಸ್ ಆದವರಿಗೆ ಅನ್ವಯಿಸುವುದೇ ಇಲ್ಲ.

ದಾಖಲೆಯಲ್ಲಿ ಬಿರುಕು ಹುಡುಕುವುದು

ಇದೇ ಮುಖ್ಯ ಕೆಲಸ. ‘ನಾನು ತಪ್ಪು ಮಾಡಿಲ್ಲ’ ಎಂದು ಹತ್ತು ಪುಟ ಬರೆದು ತರುತ್ತಾರೆ. ಆ ಹತ್ತು ಪುಟವನ್ನು ಬದಿಗಿಟ್ಟು ನಾನು ಕೇಳುವ ಪ್ರಶ್ನೆ ಒಂದೇ: ನಿನ್ನನ್ನು ಕಳಿಸುವಾಗ ಅವರು ತಮ್ಮದೇ ನಿಯಮ ಪಾಲಿಸಿದರಾ?

ರೆಡ್ ಇಂಕ್ ಪ್ರಕರಣದಿಂದ ಶುರು ಮಾಡೋಣ. ನಾಲ್ಕು ರೆಡ್ ಇಂಕ್ ಬಿದ್ದರೆ ಮನೆಗೆ ಎಂಬುದು ಬ್ಯಾರಕ್ಕಿನ ನಂಬಿಕೆ, ನಿಯಮ ಹಾಗಿಲ್ಲ. ಸೇನಾ ಮುಖ್ಯಾಲಯ 1988ರ ಡಿಸೆಂಬರ್ 28ರಂದು ಒಂದು ಪತ್ರ ಹೊರಡಿಸಿತು. ಡಿಸ್ಚಾರ್ಜಿಗೆ ಶಿಫಾರಸು ಮಾಡುವ ಮೊದಲು ನಿಷ್ಪಕ್ಷಪಾತ ವಿಚಾರಣೆ ನಡೆಯಬೇಕು, ಜವಾನನಿಗೆ ತನ್ನ ಮಾತು ಹೇಳಲು ಅವಕಾಶ ಸಿಗಬೇಕು ಎಂದು ಅದು ಹೇಳುತ್ತದೆ. ನಾಲ್ಕು ರೆಡ್ ಇಂಕ್ ಆದ ಮಾತ್ರಕ್ಕೆ ಡಿಸ್ಚಾರ್ಜ್ ಕಡ್ಡಾಯವಲ್ಲ, ಪ್ರತಿ ತಪ್ಪಿನ ಸ್ವರೂಪ ನೋಡಬೇಕು, ಪೆನ್ಷನ್ ಹತ್ತಿರವಿದ್ದವನ ಮೇಲೆ ಕಠಿಣವಾಗಬಾರದು, ದೀರ್ಘ ಸೇವೆ ಮತ್ತು ಕಷ್ಟದ ಠಾಣೆಗಳಲ್ಲಿ ಕಳೆದ ದಿನಗಳನ್ನು ಗಣನೆಗೆ ತೆಗೆದುಕೊಳ್ಳಬೇಕು ಎಂದೂ ಹೇಳುತ್ತದೆ. ಎಷ್ಟೋ ಯೂನಿಟ್‌ಗಳಲ್ಲಿ ಈ ವಿಚಾರಣೆಯನ್ನೇ ಮಾಡುತ್ತಿರಲಿಲ್ಲ. ಶೋ ಕಾಸ್ ನೋಟಿಸ್ ಟೈಪ್ ಮಾಡು, ಉತ್ತರ ಬರೆಸು, ಬ್ರಿಗೇಡಿಗೆ ಕಳಿಸು. ನೋಟಿಸ್ಸನ್ನೂ ಅದರ ಉತ್ತರವನ್ನೂ ನಾನೇ ಒಂದೇ ಮಧ್ಯಾಹ್ನ ಟೈಪ್ ಮಾಡಿದ್ದುಂಟು. ಜವಾನ ಓದದೆ ಸಹಿ ಹಾಕಿದ.

2015ರ ಅಕ್ಟೋಬರ್ 16ರಂದು ಸುಪ್ರೀಂ ಕೋರ್ಟ್ ವೀರೇಂದ್ರ ಕುಮಾರ್ ದುಬೆ ಪ್ರಕರಣದಲ್ಲಿ ಇದೇ ಪತ್ರವನ್ನು ಹಿಡಿದು, ವಿಚಾರಣೆ ಇಲ್ಲದ ಡಿಸ್ಚಾರ್ಜನ್ನು ರದ್ದು ಮಾಡಿತು. ಅಷ್ಟು ಹೊತ್ತಿಗೆ ಮತ್ತೆ ಯೂನಿಫಾರ್ಮ್ ತೊಡುವ ವಯಸ್ಸು ಅರ್ಜಿದಾರರಿಗೆ ಮೀರಿತ್ತು. ಹಾಗಾಗಿ ಪೆನ್ಷನ್ನಿಗೆ ಬೇಕಾದ ಅವಧಿ ಮುಗಿಯುವವರೆಗೆ ಅವರು ಸೇವೆಯಲ್ಲೇ ಇದ್ದರೆಂದು ಭಾವಿಸಬೇಕು ಎಂದಿತು. ನಡುವಿನ ವರ್ಷಗಳ ಸಂಬಳ ಕೊಡಲಿಲ್ಲ, ಪೆನ್ಷನ್ ಕೊಟ್ಟಿತು. ನಿಮ್ಮ ಪ್ರಕರಣ ರೆಡ್ ಇಂಕ್‌ನದಾಗಿದ್ದರೆ ಕೇಳಬೇಕಾದ ಪರಿಹಾರದ ಅಚ್ಚು ಇದು.

ಆದರೆ ಈ ತೀರ್ಪನ್ನು ಎಲ್ಲ ಬೀಗಕ್ಕೂ ಕೀಲಿಕೈ ಎಂದು ಮಾರುವವರಿದ್ದಾರೆ. 2019ರಲ್ಲಿ ಅದೇ ಕೋರ್ಟು ಸತ್ಗುರ್ ಸಿಂಗ್ ಪ್ರಕರಣದಲ್ಲಿ ಡಿಸ್ಚಾರ್ಜನ್ನು ಎತ್ತಿಹಿಡಿಯಿತು. ವಿಚಾರಣೆ ಎಂದರೆ ದೊಡ್ಡ ಕೋರ್ಟ್ ಆಫ್ ಇನ್‌ಕ್ವೈರಿಯೇ (ಸೇನೆಯೊಳಗಿನ ಔಪಚಾರಿಕ ತನಿಖಾ ಸಮಿತಿ) ಆಗಬೇಕಿಲ್ಲ, ಜವಾನನ ಉತ್ತರ ಪಡೆದು ಅದನ್ನು ಪರಿಶೀಲಿಸಿ ಕಾರಣಸಹಿತ ಆದೇಶ ಮಾಡಿದ್ದರೆ ಸಾಲುತ್ತದೆ ಎಂದಿತು. ಹಾಗಾಗಿ ನಿಮ್ಮ ಕಡತದಲ್ಲಿ ನೋಡಬೇಕಾದ್ದು ಇದು: ವಿಚಾರಣೆಯ ಹಾಳೆ ಇದೆಯೇ? ನೀವು ಉತ್ತರದಲ್ಲಿ ಹೇಳಿದ ಮನೆಯ ಕಷ್ಟಕ್ಕೆ ಆದೇಶದಲ್ಲಿ ಒಂದು ಸಾಲಿನ ಜವಾಬಾದರೂ ಇದೆಯೇ? ಫೀಲ್ಡ್ ಸೇವೆಯ ಪ್ರಸ್ತಾಪ ಇದೆಯೇ? ನಾಲ್ಕು ರೆಡ್ ಇಂಕ್‌ಗಳಲ್ಲಿ ಕೆಲವು ಬರೀ ಎರಡು-ಮೂರು ದಿನ ತಡವಾಗಿ ಬಂದದ್ದಕ್ಕೆ ಬಿದ್ದವೇ? ಸಹಿ ಬ್ರಿಗೇಡ್ ಅಥವಾ ಸಬ್ ಏರಿಯಾ ಕಮಾಂಡರ್‌ದ್ದೇ, ಇಲ್ಲವೇ ಅವರ ಪರವಾಗಿ ಯಾರೋ ಹಾಕಿದ್ದೇ?

ಸಮರಿ ಕೋರ್ಟ್ ಮಾರ್ಷಲ್ ಕಡತದಲ್ಲಿ ಹುಡುಕುವ ಜಾಗಗಳೇ ಬೇರೆ. ಇಲ್ಲಿ ಕಮಾಂಡಿಂಗ್ ಆಫೀಸರ್ ಒಬ್ಬರೇ ನ್ಯಾಯಾಲಯ. ಬಹುಪಾಲು ಜವಾನರು ‘ಸಾಬ್ ಹೇಳಿದರು, ಒಪ್ಪಿಕೊಂಡೆ’ ಎನ್ನುತ್ತಾರೆ. ಸೇನಾ ನಿಯಮಗಳ 115ನೇ ನಿಯಮದ ಪ್ರಕಾರ ತಪ್ಪೊಪ್ಪಿಗೆಯನ್ನು ದಾಖಲಿಸುವ ಮೊದಲು ಆರೋಪವೇನು, ಒಪ್ಪಿಕೊಂಡರೆ ಪರಿಣಾಮವೇನು ಎಂದು ಆರೋಪಿಗೆ ವಿವರಿಸಬೇಕು, ವಿವರಿಸಿದ್ದನ್ನು ನಡಾವಳಿಯಲ್ಲಿ ಬರೆಯಬೇಕು. ಆ ಬರಹ ಇಲ್ಲದ, ಜವಾನನ ಸಹಿ ಇಲ್ಲದ ತಪ್ಪೊಪ್ಪಿಗೆಗಳ ಮೇಲೆ ನಿಂತ ಶಿಕ್ಷೆಗಳು ಬಿದ್ದುಹೋಗಿವೆ. 34ನೇ ನಿಯಮದಂತೆ ಚಾರ್ಜ್ ಶೀಟ್ ಕೈಗೆ ಕೊಟ್ಟು ವಿಚಾರಣೆ ಶುರುವಾಗುವ ನಡುವೆ 96 ಗಂಟೆ ಇರಬೇಕು, ಆ್ಯಕ್ಟಿವ್ ಸರ್ವಿಸ್‌ನಲ್ಲಿದ್ದರೆ 24 ಗಂಟೆ. ಚಾರ್ಜ್ ಶೀಟಿನ ತಾರೀಖನ್ನೂ ನಡಾವಳಿಯ ಮೊದಲ ಪುಟದ ಸಮಯವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಜೊತೆಗೆ ‘ಫ್ರೆಂಡ್ ಆಫ್ ದಿ ಅಕ್ಯೂಸ್ಡ್’, ಅಂದರೆ ಆರೋಪಿಗೆ ನೆರವಾಗುವವರು, ಎಂದು ಯಾರನ್ನು ಕೊಟ್ಟಿದ್ದರು, ಅವರು ಬಾಯಿ ಬಿಟ್ಟಿದ್ದಾರೆಯೇ ಎಂದೂ.

ಶಿಕ್ಷೆ ತಪ್ಪಿಗೆ ಮೀರಿದ್ದು ಎಂಬ ವಾದವೂ ಇದೆ, ಆದರೆ ಅದೊಂದನ್ನೇ ನೆಚ್ಚಿಕೊಳ್ಳಬೇಡಿ. 2023ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಆರ್ಮಿ ಸರ್ವಿಸ್ ಕೋರ್‌ನ ಒಬ್ಬ ಡ್ರೈವರ್‌ನ ಅರ್ಜಿಯನ್ನು ತಳ್ಳಿಹಾಕಿತು. 108 ದಿನ ರಜೆ ಮೀರಿದ್ದ. ಹೆಂಡತಿಗೆ ಹುಷಾರಿರಲಿಲ್ಲ ಎಂದ. ಚಿಕಿತ್ಸೆಯ ಒಂದು ಕಾಗದವೂ ಕಡತದಲ್ಲಿರಲಿಲ್ಲ, ಹಿಂದೆಯೂ ಹಲವು ಸಲ ಹೀಗೇ ಗೈರಾಗಿದ್ದ. 1983ರಲ್ಲಿ ಭರ್ತಿಯಾದ ಆತನಿಗೆ 15 ವರ್ಷ ದಾಟಿತ್ತು, ಆದರೂ ಡಿಸ್‌ಮಿಸಲ್ ಉಳಿಯಿತು. ಆದ್ದರಿಂದ ತಾಲ್ಲೂಕು ಆಸ್ಪತ್ರೆಯ ಹಳೆಯ ಚೀಟಿ, ಔಷಧಿ ಅಂಗಡಿ ಬಿಲ್ಲು, ಯೂನಿಟ್‌ಗೆ ಕಳಿಸಿದ ಟೆಲಿಗ್ರಾಮ್ ಅಥವಾ ರಿಜಿಸ್ಟರ್ಡ್ ಪತ್ರದ ರಸೀದಿ, ಇಂಥವನ್ನು ಬಂಗಾರದಂತೆ ಕಾಪಾಡಿ.

ಡೆಸರ್ಷನ್ ಕಡತದಲ್ಲಿ ನೋಡಬೇಕಾದ್ದು ಎರಡು. 30 ದಿನ ಗೈರಾದ ಮೇಲೆ ಸೇನಾ ಕಾಯ್ದೆಯ 106ನೇ ಕಲಂ ಅಡಿ ಕೋರ್ಟ್ ಆಫ್ ಇನ್‌ಕ್ವೈರಿ ಆಗಿತ್ತೇ, ನಿಜಕ್ಕೂ ಮನೆ ವಿಳಾಸಕ್ಕೆ ನೋಟಿಸ್ ಬಂದಿತ್ತೇ ಎಂಬುದು ಒಂದು. ಕೋರ್ಟ್ ಮಾರ್ಷಲ್ ಅಥವಾ ಕ್ರಿಮಿನಲ್ ಕೋರ್ಟಿನ ಶಿಕ್ಷೆಯಿಲ್ಲದೆ 20ನೇ ಕಲಂ ಅಡಿ ಡಿಸ್‌ಮಿಸ್ ಮಾಡುವ ಮುನ್ನ, ಕಾರಣ ತಿಳಿಸಿ ಉತ್ತರಕ್ಕೆ ಸಮಯ ಕೊಡಬೇಕೆಂದು ಸೇನಾ ನಿಯಮಗಳ 17ನೇ ನಿಯಮ ಹೇಳುತ್ತದೆ. ಅದು ಆಗಿತ್ತೇ ಎಂಬುದು ಇನ್ನೊಂದು. ಗೈರಾದವನು ತಲೆ ಕೆಟ್ಟು ಅಲೆಯುತ್ತಿದ್ದ ಎಂದು ಮನೆಯವರು ಹೇಳುವ ಪ್ರಕರಣಗಳು ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು. ಅಂಥಲ್ಲಿ ಗೈರಾಗುವ ಮುಂಚಿನ ಮಿಲಿಟರಿ ಆಸ್ಪತ್ರೆಯ ಮನೋರೋಗ ವಿಭಾಗದ ದಾಖಲೆ ಮತ್ತು ಆಮೇಲಿನ ನಿಮ್ಹಾನ್ಸ್ ಅಥವಾ ಜಿಲ್ಲಾಸ್ಪತ್ರೆಯ ದಾಖಲೆ, ಎರಡೂ ಒಂದಕ್ಕೊಂದು ಕೊಂಡಿಯಾದರೆ ಪ್ರಕರಣದ ಬಣ್ಣವೇ ಬದಲಾಗುತ್ತದೆ.

ಏನು ಕೇಳಬೇಕು

ನೌಕರಿ ವಾಪಸ್ ಬೇಕು, ಪೂರ್ತಿ ಸಂಬಳ ಬೇಕು, ಪ್ರಮೋಷನ್ ಬೇಕು, ಅವಮಾನಕ್ಕೆ ಪರಿಹಾರ ಬೇಕು ಎಂದು ಬರೆದರೆ ಓದುವವರಿಗೆ ನಿಮ್ಮ ಮೇಲೆ ಕನಿಕರ ಹುಟ್ಟುವುದಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಕೇಳಿ. ಮೊದಲನೆಯದು, ಆದೇಶ ರದ್ದಾಗಲಿ, 15 ವರ್ಷ ತುಂಬುವವರೆಗೆ ಸೇವೆಯಲ್ಲಿದ್ದಂತೆ ಭಾವಿಸಿ ಪೆನ್ಷನ್ ಕೊಡಿ. ಅದಾಗದಿದ್ದರೆ, ಡಿಸ್‌ಮಿಸಲನ್ನು ಡಿಸ್ಚಾರ್ಜ್ ಆಗಿ ಪರಿವರ್ತಿಸಿ. ಅದೂ ಆಗದಿದ್ದರೆ ಪೆನ್ಷನ್ ನಿಯಮಾವಳಿಯ ಆ ಕಿಂಡಿಯ ಮೂಲಕ ವಿಶೇಷ ವಿವೇಚನೆಯಿಂದ ಪೆನ್ಷನ್ ಅಥವಾ ಗ್ರಾಚ್ಯುಟಿ ಕೊಡಿ. ಎರಡನೆಯ ಮೆಟ್ಟಿಲೇ ಹೆಚ್ಚು ಜನ ನಿಲ್ಲುವ ಜಾಗ. ನ್ಯಾಯಮಂಡಳಿ ಕಾಯ್ದೆಯ 15(6)ನೇ ಕಲಂ ಕೋರ್ಟ್ ಮಾರ್ಷಲ್ ಶಿಕ್ಷೆಯನ್ನು ತಗ್ಗಿಸುವ, ಬದಲಾಯಿಸುವ ಅಧಿಕಾರವನ್ನು ಮಂಡಳಿಗೆ ಕೊಟ್ಟಿದೆ. 15 ವರ್ಷ ಮುಗಿಸಿದವನಿಗೆ ಆ ಒಂದು ಪದ ಬದಲಾದರೆ ಸಾಕು, ಪೆನ್ಷನ್ ಬಾಗಿಲು ತೆರೆಯುತ್ತದೆ.

ಮೊದಲು ಸೇನೆಯ ಬಾಗಿಲು ತಟ್ಟಿ

ಮಂಡಳಿಗೆ ನೇರವಾಗಿ ಹೋದರೆ ‘ಇಲಾಖೆಯಲ್ಲಿ ಕೇಳಿದ್ದೀರಾ’ ಎಂಬ ಪ್ರಶ್ನೆ ಬರುತ್ತದೆ. ನ್ಯಾಯಮಂಡಳಿ ಕಾಯ್ದೆಯ 21ನೇ ಕಲಂ ಪ್ರಕಾರ ಲಭ್ಯವಿರುವ ಪರಿಹಾರಗಳನ್ನು ಮೊದಲು ಬಳಸಿರಬೇಕು. ಕೋರ್ಟ್ ಮಾರ್ಷಲ್ ಆಗಿದ್ದರೆ ಸೇನಾ ಕಾಯ್ದೆಯ 164(2)ನೇ ಕಲಂ ಅಡಿ ಅರ್ಜಿ. ಉಳಿದ ಪ್ರಕರಣಗಳಲ್ಲಿ ಸೇನಾ ಮುಖ್ಯಸ್ಥರಿಗೆ ಮನವಿ, ರೆಕಾರ್ಡ್ ಆಫೀಸ್ ಮೂಲಕ.

ಮನವಿ ಮೂರು ಪುಟ ಮೀರಬಾರದು. ಮೊದಲ ಪ್ಯಾರಾದಲ್ಲಿ ನಂಬರ್, ರ‍್ಯಾಂಕ್, ಹೆಸರು, ಯೂನಿಟ್, ಸೇವೆಯ ಅವಧಿ, ಯಾವ ಆದೇಶದ ವಿರುದ್ಧ. ಎರಡನೆಯದರಲ್ಲಿ ಒಳ್ಳೆಯ ಸೇವೆ, ಮೆಡಲ್, ಫೀಲ್ಡ್ ಪೋಸ್ಟಿಂಗ್. ಆಮೇಲೆ ಬಿರುಕುಗಳು, ಒಂದೊಂದು ಪ್ಯಾರಾಕ್ಕೆ ಒಂದು, ಪ್ರತಿಯೊಂದಕ್ಕೂ ಲಗತ್ತಿನ ಸಂಖ್ಯೆ. ಕೊನೆಗೆ ಕೋರಿಕೆ. ಯಾವ ಅಧಿಕಾರಿಯನ್ನೂ ಬೈಯಬೇಡಿ. ಆಗಿನ ಕಮಾಂಡಿಂಗ್ ಆಫೀಸರ್ ಸಾಹೇಬರು ಈಗ ಅದೇ ಮುಖ್ಯಾಲಯದಲ್ಲಿ ಮೇಲಿನ ಕುರ್ಚಿಯಲ್ಲಿ ಕೂತಿರಲೂಬಹುದು. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ, ತಲುಪಿದ ಪುರಾವೆ ಎರಡನ್ನೂ ಇಟ್ಟುಕೊಳ್ಳಿ. ಕನ್ನಡದಲ್ಲಿ ಯೋಚಿಸಿ ಬರೆಯಿರಿ, ಕಳಿಸುವುದು ಮಾತ್ರ ಇಂಗ್ಲಿಷ್ ಅಥವಾ ಹಿಂದಿಯಲ್ಲಿ.

ಆರು ತಿಂಗಳು ಕಾಯಿರಿ. ಉತ್ತರ ಬಾರದಿದ್ದರೂ ಕಾನೂನಿನ ಕಣ್ಣಲ್ಲಿ ನಿಮ್ಮ ಪಾಲಿನ ಕೆಲಸ ಮುಗಿದಂತೆ.

ನ್ಯಾಯಮಂಡಳಿ

ತಿರಸ್ಕಾರದ ಉತ್ತರ ಬಂದರೆ ಅಲ್ಲಿಂದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು ಎಂದು ಅದೇ ನ್ಯಾಯಮಂಡಳಿ ಕಾಯ್ದೆಯ 22ನೇ ಕಲಂ ಹೇಳುತ್ತದೆ. ಆಡಳಿತಾತ್ಮಕ ಆದೇಶಗಳಿಗೆ 14ನೇ ಕಲಂ, ಕೋರ್ಟ್ ಮಾರ್ಷಲ್ ಮೇಲ್ಮನವಿಗೆ 15ನೇ ಕಲಂ. ಬೆಂಗಳೂರಿನಲ್ಲಿ ಕಾಯಂ ಪೀಠವಿಲ್ಲ. ದಿಲ್ಲಿಯಲ್ಲಿ ಪ್ರಧಾನ ಪೀಠ. ಚೆನ್ನೈ, ಕೊಚ್ಚಿ, ಮುಂಬೈ ಮೊದಲಾದ ಕಡೆ ಪ್ರಾದೇಶಿಕ ಪೀಠಗಳಿವೆ. ಸೇವೆಯಿಂದ ಹೊರಬಂದವರು ತಾವು ವಾಸಿಸುವ ಊರು ಯಾವ ಪೀಠದ ವ್ಯಾಪ್ತಿಯಲ್ಲಿದೆಯೋ ಅಲ್ಲಿ ಹಾಕಬಹುದು, ಕೊನೆಯ ಪೋಸ್ಟಿಂಗ್ ಕುಪ್ವಾರದಲ್ಲಿತ್ತೆಂದು ಶ್ರೀನಗರಕ್ಕೆ ಓಡಬೇಕಿಲ್ಲ. ಸೈನಿಕ ತೀರಿಕೊಂಡಿದ್ದರೆ ಹೆಂಡತಿ, ಮಕ್ಕಳು ಹಾಕಬಹುದು.

ತಡವಾಗಿರುವವರೇ ಹೆಚ್ಚು. ಇಪ್ಪತ್ತು ವರ್ಷದ ಹಿಂದಿನ ಆದೇಶವಾದರೆ ವಿಳಂಬ ಮನ್ನಾ ಅರ್ಜಿ ಜೊತೆಗಿರಬೇಕು. ‘ಗೊತ್ತಿರಲಿಲ್ಲ’ ಎಂಬ ಒಂದು ಪದ ಸಾಲದು. ಯಾವ ವರ್ಷ ಯಾರಿಗೆ ಬರೆದಿರಿ, ಏನು ಉತ್ತರ ಬಂತು, ಯಾವ ವರ್ಷ ಕಾಯಿಲೆ ಬಿದ್ದಿರಿ, ದಾಖಲೆ ಸಿಗಲು ಎಷ್ಟು ಕಾಲ ಹಿಡಿಯಿತು ಎಂದು ಸಾಲಾಗಿ ಹೇಳಿ. ಪೆನ್ಷನ್ ಬಾಕಿಯ ವಿಷಯದಲ್ಲಿ ಮಾತ್ರ ಆಸೆಗೆ ಮಿತಿ ಹಾಕಿಕೊಳ್ಳಿ. 2008ರ ತರ್ಸೇಮ್ ಸಿಂಗ್ ತೀರ್ಪಿನ ನಂತರ, ತಡವಾಗಿ ಬಂದವರಿಗೆ ಬಾಕಿ ಸಾಮಾನ್ಯವಾಗಿ ಅರ್ಜಿ ಹಾಕಿದ ದಿನಕ್ಕೆ ಹಿಂದಿನ ಮೂರು ವರ್ಷಕ್ಕಷ್ಟೇ ಸಿಗುತ್ತದೆ. ಇನ್ನೂ ಮುಂದೂಡಿದರೆ ಪ್ರತಿ ತಿಂಗಳೂ ಒಂದು ತಿಂಗಳ ಪೆನ್ಷನ್ ಕಳೆದುಕೊಂಡಂತೆ ಲೆಕ್ಕ.

ವಕೀಲರನ್ನು ಆರಿಸುವಾಗ ಊರಿನ ಸಿವಿಲ್ ಕೋರ್ಟಿನಲ್ಲಿ ಹೆಸರು ಮಾಡಿದವರಿಗಿಂತ ಸೇನಾ ಪ್ರಕರಣ ನಡೆಸಿದವರು ಬೇಕು. ಬರುವ ಬಾಕಿಯಲ್ಲಿ ಪಾಲು ಕೇಳುವ ‘ಏಜೆಂಟ್’ ಬಂದರೆ ಕಾಫಿ ಕೊಟ್ಟು ಕಳಿಸಿ. ಮೂಲ ಡಿಸ್ಚಾರ್ಜ್ ಬುಕ್ಕನ್ನಂತೂ ಕೊಡಲೇಬೇಡಿ. ಹಣವಿಲ್ಲ ಎಂದು ಸುಮ್ಮನಿರಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ, ಆದಾಯ ಮಿತಿಯೊಳಗಿನವರಿಗೆ ಉಚಿತ ವಕೀಲರು ಸಿಗುತ್ತಾರೆ. ಸೈನಿಕನ ವಿಧವೆಗೆ ಆದಾಯದ ಮಿತಿಯೂ ಅಡ್ಡಬರುವುದಿಲ್ಲ. 2025ರ ಜುಲೈನಲ್ಲಿ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ ‘ವೀರ್ ಪರಿವಾರ್ ಸಹಾಯತಾ ಯೋಜನೆ’ ಆರಂಭಿಸಿದೆ. ಅದರಡಿ ಸೈನಿಕ ಮಂಡಳಿಗಳಲ್ಲೇ ಕಾನೂನು ನೆರವಿನ ಕೇಂದ್ರಗಳನ್ನು ತೆರೆಯುತ್ತಿದ್ದಾರೆ. ನಿಮ್ಮ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಿ. ಡಿಸ್‌ಮಿಸ್ ಆದವನಿಗೆ ಅಲ್ಲಿ ಮಾಜಿ ಸೈನಿಕನ ಕಾರ್ಡ್ ಕೊಡುವುದಿಲ್ಲ, ಆದರೆ ಬಾಗಿಲಲ್ಲಿ ನಿಂತು ದಾರಿ ಕೇಳಲು ಕಾರ್ಡ್ ಬೇಕಿಲ್ಲ.

ವಿಚಾರಣೆಯಲ್ಲಿ ಸರ್ಕಾರದ ಕಡೆಯವರು ನಿಮ್ಮ ಕಾಂಡಕ್ಟ್ ಶೀಟನ್ನು ಜೋರಾಗಿ ಓದುತ್ತಾರೆ. ಹೆಂಡತಿ ಮಕ್ಕಳು ಜೊತೆಗಿದ್ದರೆ ಮೊದಲೇ ಹೇಳಿಬಿಡಿ. ಇಪ್ಪತ್ತು ವರ್ಷ ಮುಚ್ಚಿಟ್ಟದ್ದನ್ನು ಕೋರ್ಟ್ ಹಾಲ್‌ನಲ್ಲಿ ಮೊದಲ ಸಲ ಕೇಳಿ ಎದ್ದು ಹೊರಗೆ ಹೋದ ಮಗಳನ್ನು ನಾನು ನೋಡಿದ್ದೇನೆ.

ಆದೇಶ ನಿಮ್ಮ ಕಡೆಗಾದ ಮೇಲೆ

ಆದೇಶದಲ್ಲಿ ಇಷ್ಟು ತಿಂಗಳಲ್ಲಿ ಜಾರಿ ಮಾಡಿ ಎಂದಿರುತ್ತದೆ. ಪ್ರಮಾಣೀಕೃತ ಪ್ರತಿ ತೆಗೆದು ರೆಕಾರ್ಡ್ ಆಫೀಸಿಗೆ ನೀವೇ ಕಳಿಸಿ, ಅವರಿಗೆ ತಾನಾಗಿ ತಲುಪುತ್ತದೆ ಎಂದು ಕೂರಬೇಡಿ. ಗಡುವು ಮುಗಿದರೆ ಅದೇ ಪೀಠದಲ್ಲಿ ಎಕ್ಸಿಕ್ಯೂಷನ್ ಅರ್ಜಿ. ಇಲಾಖೆ ಮೇಲಿನ ಕೋರ್ಟಿಗೆ ಹೋಗಬಹುದು. ನೀವೂ ಸೋತಿದ್ದರೆ ಹೋಗಬಹುದು: 2023ರ ಮಾರ್ಚ್ 21ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ನ್ಯಾಯಮಂಡಳಿಯ ಆದೇಶದ ವಿರುದ್ಧ ಹೈಕೋರ್ಟಿನಲ್ಲಿ ರಿಟ್ ಹಾಕುವ ದಾರಿ ಮುಚ್ಚಿಲ್ಲ ಎಂದು ಸ್ಪಷ್ಟಪಡಿಸಿದೆ. ದಿಲ್ಲಿಯ ಸುಪ್ರೀಂ ಕೋರ್ಟಿಗೆ ಹೋಗಲಾಗದವರಿಗೆ ಇದು ದೊಡ್ಡ ಅನುಕೂಲ.

ಹೊಸ ಡಿಸ್ಚಾರ್ಜ್ ಕಾಗದ ಬಂದಾಗ ಕಾರಣದ ಸಾಲನ್ನು ಮತ್ತೆ ಓದಿ. ಆದೇಶದಲ್ಲಿ ಡಿಸ್ಚಾರ್ಜ್ ಎಂದಿದ್ದರೂ ಹಳೆಯ ಪದವನ್ನೇ ಟೈಪ್ ಮಾಡಿ ಕಳಿಸಿದ್ದುಂಟು. ಪೆನ್ಷನ್ ಈಗ ಪ್ರಯಾಗರಾಜ್‌ನ ಪಿಸಿಡಿಎ (ರಕ್ಷಣಾ ಲೆಕ್ಕಪತ್ರ) ಕಚೇರಿಯಿಂದ ಸ್ಪರ್ಶ್ ಎಂಬ ಪೆನ್ಷನ್ ಪೋರ್ಟಲ್ ಮೂಲಕ ಬರುತ್ತದೆ. ಪಿಪಿಒ (ಪೆನ್ಷನ್ ಪಾವತಿ ಆದೇಶ) ಕೈಗೆ ಬಂದ ದಿನವೇ ನಾಲ್ಕು ವಿಷಯ ತಾಳೆ ನೋಡಿ: ನಿಮ್ಮ ಹೆಸರಿನ ಅಕ್ಷರಗಳು ಆಧಾರ್‌ನಲ್ಲಿರುವಂತೆಯೇ ಇವೆಯೇ, ಅರ್ಹ ಸೇವೆಯ ವರ್ಷ ಆದೇಶದಂತಿದೆಯೇ, ಪೆನ್ಷನ್ ಶುರುವಾಗುವ ತಾರೀಖು ಸರಿಯೇ, ಹೆಂಡತಿಯ ಹೆಸರು ಮತ್ತು ಹುಟ್ಟಿದ ದಿನ ಇವೆಯೇ. ಭರ್ತಿಯಾದಾಗ ಮದುವೆಯಾಗಿರದವರ, ಆಮೇಲೆ ಮದುವೆಯ ಪಾರ್ಟ್ ಟೂ ಆರ್ಡರ್ ಮಾಡಿಸದೆ ಬಂದವರ ಕಾಗದದಲ್ಲಿ ಆ ಕೊನೆಯ ಜಾಗ ಖಾಲಿಯಿರುತ್ತದೆ. ಅದನ್ನು ಈಗಲೇ ತುಂಬಿಸಿ. ನೀವಿಲ್ಲದ ಮೇಲೆ ಫ್ಯಾಮಿಲಿ ಪೆನ್ಷನ್ನಿಗಾಗಿ ಆಕೆ ಇದೇ ರೆಕಾರ್ಡ್ ಆಫೀಸಿಗೆ ಮೊದಲಿನಿಂದ ಅಲೆಯುವಂತಾಗಬಾರದು.